ಸಂಖ್ಯೆಯನ್ನು ನೆನಪಿಟ್ಟುಕೊಂಡ ಯಂತ್ರ: ಆಲ್ಮನ್ ಸ್ಟ್ರೋಜರ್ ಅವರ ಕಥೆ

ಮಕ್ಕಳೇ, ನಿಮ್ಮ ಮನೆಯಲ್ಲಿ ಮೊಬೈಲ್ ಇರಬಹುದು. ಊರಿನಿಂದ ಮಾವನಿಗೆ ಕರೆ ಮಾಡಬೇಕೆಂದರೆ ನೀವು ಹತ್ತು ಅಂಕಿಗಳನ್ನು ಒತ್ತುತ್ತೀರಿ. ಕೆಲವೇ ಸೆಕೆಂಡುಗಳಲ್ಲಿ ಮಾವನ ಫೋನ್ ರಿಂಗಾಗುತ್ತದೆ. ದೇಶದ ಕೋಟಿಗಟ್ಟಲೆ ಫೋನುಗಳ ನಡುವೆ ಸರಿಯಾಗಿ ಅದೊಂದೇ ಫೋನು! ಈ ನಡುವೆ ಯಾರೂ ನಿಮ್ಮನ್ನು ಯಾರು ಬೇಕು ಎಂದು ಕೇಳುವುದಿಲ್ಲ. ನೀವು ಒತ್ತಿದ ಅಂಕಿಗಳನ್ನು ಯಾವುದೋ ಯಂತ್ರ ಕೇಳಿಸಿಕೊಂಡಿತು, ನೆನಪಿಟ್ಟುಕೊಂಡಿತು, ದಾರಿ ಹುಡುಕಿತು.

ಯಂತ್ರವೊಂದು ಅಂಕಿಯನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಕಂಪ್ಯೂಟರ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ಪ್ರಶ್ನೆಗೆ ಒಬ್ಬರು ಉತ್ತರ ಕಂಡುಕೊಂಡಿದ್ದರು. ಅವರು ವಿಜ್ಞಾನಿಯಲ್ಲ, ಎಂಜಿನಿಯರೂ ಅಲ್ಲ. ಸತ್ತವರ ಅಂತ್ಯಸಂಸ್ಕಾರಕ್ಕೆ ಬೇಕಾದ ವ್ಯವಸ್ಥೆ ಮಾಡಿಕೊಡುವುದು ಅವರ ವೃತ್ತಿ! ಅವರ ಹೆಸರು ಆಲ್ಮನ್ ಬ್ರೌನ್ ಸ್ಟ್ರೋಜರ್. ಬನ್ನಿ, ಅವರ ಬದುಕಿನ ಕಥೆಯನ್ನು ತಿಳಿಯೋಣ.

ಬಾಲ್ಯ, ಯುದ್ಧ, ಪಾಠ

ಸ್ಟ್ರೋಜರ್ ಹುಟ್ಟಿದ್ದು 1839ರ ಫೆಬ್ರವರಿ 11ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಪಟ್ಟಣದ ಸಮೀಪದ ಪೆನ್‌ಫೀಲ್ಡ್ ಎಂಬಲ್ಲಿ. ಆಗ ಟೆಲಿಫೋನ್ ಇರಲಿಲ್ಲ. ವಿದ್ಯುತ್ ದೀಪವೂ ಇರಲಿಲ್ಲ. ಅವರಿಗೆ ಇಪ್ಪತ್ತೆರಡು ವರ್ಷ ತುಂಬಿದ್ದಾಗ, 1861ರಲ್ಲಿ, ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು. ಗುಲಾಮಗಿರಿ ಇರಬೇಕೇ ಬೇಡವೇ ಎಂಬುದು ಆ ಯುದ್ಧದ ಮೂಲ ಕಾರಣ. ಸ್ಟ್ರೋಜರ್ ಉತ್ತರದ ಪರವಾಗಿ ಕುದುರೆ ಸೈನ್ಯದಲ್ಲಿ ಸೇರಿದರು. ಅಲ್ಲಿ ತುತ್ತೂರಿ ಊದುವ ಕೆಲಸವನ್ನೂ ಮಾಡಿದರು.

ನೋಡಿ, ಇದೊಂದು ಸ್ವಾರಸ್ಯದ ಸಂಗತಿ. ಸೈನ್ಯದಲ್ಲಿ ತುತ್ತೂರಿ ಬರೀ ಸಂಗೀತಕ್ಕಲ್ಲ, ಅದೊಂದು ಸಂಕೇತ. ಒಂದು ಬಗೆಯ ಊದಿಗೆ ಒಂದು ಅರ್ಥ: ಮುಂದೆ ನುಗ್ಗಿ, ಹಿಂದೆ ಸರಿಯಿರಿ, ಒಟ್ಟಾಗಿ. ಮಾತಿಲ್ಲದೆಯೇ ಸಾವಿರ ಜನಕ್ಕೆ ಸುದ್ದಿ ಮುಟ್ಟುತ್ತದೆ.

ಯುದ್ಧ ಮುಗಿದ ಮೇಲೆ ಸ್ಟ್ರೋಜರ್ ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದರು. ಆಮೇಲೆ ಕ್ಯಾನ್ಸಾಸ್ ಕಡೆಗೆ ಹೋಗಿ ಅಂತ್ಯಸಂಸ್ಕಾರದ ವ್ಯವಸ್ಥೆ ಮಾಡುವ ಉದ್ಯೋಗ ಹಿಡಿದರು. ಶವಪೆಟ್ಟಿಗೆ ಒದಗಿಸುವುದು, ಗಾಡಿ ಕಳಿಸುವುದು, ದುಃಖದಲ್ಲಿರುವ ಮನೆಯವರಿಗೆ ನೆರವಾಗುವುದು ಇವೆಲ್ಲ ಆ ಉದ್ಯೋಗದ ಭಾಗ. ಕೊನೆಗೆ ಅವರು ನೆಲೆಸಿದ್ದು ಕ್ಯಾನ್ಸಾಸ್ ಸಿಟಿ ಎಂಬ ನಗರದಲ್ಲಿ.

ಟೆಲಿಫೋನ್ ಬಂತು, ಜೊತೆಗೆ ತೊಂದರೆಯೂ ಬಂತು

1876ರ ಮಾರ್ಚ್ 7ರಂದು ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರಿಗೆ ಟೆಲಿಫೋನಿನ ಪೇಟೆಂಟ್ ದೊರೆಯಿತು. ಪೇಟೆಂಟ್ ಎಂದರೆ ಹೊಸದನ್ನು ಕಂಡುಹಿಡಿದವರಿಗೆ ಕೆಲವು ವರ್ಷಗಳ ಮಟ್ಟಿಗೆ ಸರ್ಕಾರ ಕೊಡುವ ಹಕ್ಕುಪತ್ರ.

ಮೊದಲು ಎರಡು ಫೋನುಗಳ ನಡುವೆ ಒಂದು ತಂತಿ ಎಳೆಯುತ್ತಿದ್ದರು. ಇಬ್ಬರು ಮಾತ್ರ ಇದ್ದರೆ ಒಂದು ತಂತಿ ಸಾಕು. ಮೂವರಾದರೆ ಮೂರು ತಂತಿ. ಹತ್ತು ಮನೆಗಳಾದರೆ, ಪ್ರತಿ ಮನೆಯಿಂದ ಉಳಿದೆಲ್ಲ ಮನೆಗಳಿಗೂ ತಂತಿ ಎಳೆಯಲು 45 ತಂತಿ ಬೇಕು. ನೂರು ಮನೆಗಳಾದರೆ 4,950 ತಂತಿ! (ಲೆಕ್ಕ ಹಾಕಿ ನೋಡಿ: 100ನ್ನು 99ರಿಂದ ಗುಣಿಸಿ, 2ರಿಂದ ಭಾಗಿಸಿ.) ಊರೆಲ್ಲ ತಂತಿಯ ಬಲೆಯಾಗಿಬಿಡುತ್ತದೆ.

ಇದಕ್ಕೆ ಪರಿಹಾರವೇ ಟೆಲಿಫೋನ್ ವಿನಿಮಯ ಕೇಂದ್ರ, ಅಂದರೆ ಎಕ್ಸ್‌ಚೇಂಜ್. ಪ್ರತಿ ಮನೆಯಿಂದ ಒಂದೊಂದೇ ತಂತಿ ಆ ಕೇಂದ್ರಕ್ಕೆ ಬರುತ್ತದೆ. ನೂರು ಮನೆಗೆ ನೂರೇ ತಂತಿ. ಅಲ್ಲಿ ಕುಳಿತ ಆಪರೇಟರ್ ನಿಮಗೆ ಯಾರು ಬೇಕೆಂದು ಕೇಳಿ, ನಿಮ್ಮ ತಂತಿಯನ್ನು ಅವರ ತಂತಿಗೆ ಸೇರಿಸುತ್ತಾರೆ. 1878ರ ಜನವರಿಯಲ್ಲಿ ಅಮೆರಿಕದ ನ್ಯೂಹೇವನ್‌ನಲ್ಲಿ ಇಂಥ ಒಂದು ಎಕ್ಸ್‌ಚೇಂಜ್ ಶುರುವಾಯಿತು. ಮೊದಮೊದಲು ಹುಡುಗರು ಈ ಕೆಲಸಕ್ಕಿದ್ದರು. ಅವರ ಗಲಾಟೆ, ಒರಟು ಮಾತು ಜನರಿಗೆ ಹಿಡಿಸಲಿಲ್ಲ. ಅದೇ ವರ್ಷ ಬಾಸ್ಟನ್‌ನಲ್ಲಿ ಎಮ್ಮಾ ನಟ್ ಎಂಬ ಯುವತಿ ಆಪರೇಟರ್ ಆಗಿ ಸೇರಿದರು. ಮುಂದೆ ಸಾವಿರಾರು ಹೆಣ್ಣುಮಕ್ಕಳಿಗೆ ಇದೇ ಉದ್ಯೋಗವಾಯಿತು.

ಆಪರೇಟರ್ ಕೆಲಸ ಸುಲಭವಾಗಿರಲಿಲ್ಲ. ನೂರಾರು ಹೆಸರು, ನಂಬರು ನೆನಪಿರಬೇಕು, ಕೈ ಚುರುಕಾಗಿರಬೇಕು, ದಿನವಿಡೀ ಒಂದೇ ಸ್ವರದಲ್ಲಿ ವಿನಯವಾಗಿ ಮಾತಾಡಬೇಕು. ಊರಿನ ಫೋನುಗಳ ನೆನಪೆಲ್ಲ ಇದ್ದದ್ದು ಅವರ ತಲೆಯಲ್ಲಿ.

ಸ್ಟ್ರೋಜರ್‌ಗೆ ಸಿಟ್ಟು ಬಂದದ್ದೇಕೆ?

ಕ್ಯಾನ್ಸಾಸ್ ಸಿಟಿಯಲ್ಲಿ ಸ್ಟ್ರೋಜರ್ ಅವರ ಅಂಗಡಿಗೂ ಫೋನ್ ಬಂತು. ಆದರೆ ವ್ಯಾಪಾರ ಕುಗ್ಗತೊಡಗಿತು. ತನಗೆ ಬರಬೇಕಾದ ಕರೆಗಳು ಬರುತ್ತಿಲ್ಲ ಎಂಬ ಅನುಮಾನ ಅವರನ್ನು ಕಾಡಿತು. ಅವರದೇ ವೃತ್ತಿಯ ಇನ್ನೊಬ್ಬನ ಹೆಂಡತಿ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು, ಸ್ಟ್ರೋಜರ್ ಬೇಕೆಂದು ಕೇಳಿದವರನ್ನೆಲ್ಲ ಅವಳು ತನ್ನ ಗಂಡನಿಗೇ ಸೇರಿಸುತ್ತಿದ್ದಳು ಎಂಬ ಕಥೆ ಬಹಳ ಪ್ರಸಿದ್ಧ.

ಆದರೆ ಮಕ್ಕಳೇ, ವಿಜ್ಞಾನ ಓದುವವರು ಕಥೆಯನ್ನು ಕಥೆಯೆಂದೇ ಇಟ್ಟುಕೊಳ್ಳಬೇಕು. ಈ ಕಥೆಗೆ ಹಲವು ರೂಪಗಳಿವೆ. ಒಂದರಲ್ಲಿ ಹೆಂಡತಿ, ಇನ್ನೊಂದರಲ್ಲಿ ಬಂಧು. ಮತ್ತೊಂದರಲ್ಲಿ ಆಪರೇಟರ್ ತಪ್ಪೇ ಇಲ್ಲ. ಅಂಗಡಿಯ ಲೋಹದ ನಾಮಫಲಕ ಗಾಳಿಗೆ ಅಲುಗಾಡಿ ತಂತಿಗೆ ತಾಗಿ ಫೋನ್ ಕೆಡುತ್ತಿತ್ತು. ಸ್ಟ್ರೋಜರ್‌ಗೆ ಆಪರೇಟರ್ ಮೇಲೆ ಅನುಮಾನವಿತ್ತು ಎನ್ನುವುದು ಒಂದು ಮಾತು. ಆಪರೇಟರ್ ನಿಜವಾಗಿ ಮೋಸ ಮಾಡಿದಳು ಎನ್ನುವುದು ಬೇರೆಯೇ ಮಾತು. ಎರಡನ್ನೂ ಒಂದು ಮಾಡಬಾರದು.

ಆದರೂ ಅವರ ಪ್ರಶ್ನೆ ದೊಡ್ಡದು. ಯಾರ ಕರೆ ಯಾರಿಗೆ ಹೋಗಬೇಕು ಎಂಬುದನ್ನು ಮೂರನೆಯವರೊಬ್ಬರು ನಿರ್ಧರಿಸುವಂತಿರಬೇಕೇ? ಕರೆ ಮಾಡುವವರೇ ತಮಗೆ ಬೇಕಾದವರನ್ನು ನೇರವಾಗಿ ಆರಿಸಿಕೊಳ್ಳುವಂತಾದರೆ ಹೇಗೆ? ಸಿಟ್ಟಿನಲ್ಲಿ ಬೈದು ಸುಮ್ಮನಾಗುವವರು ಬಹಳ ಮಂದಿ. ಸ್ಟ್ರೋಜರ್ ಕುಳಿತು ಯೋಚಿಸಿದರು.

ಡಬ್ಬಿ, ಗುಂಡುಸೂಜಿ ಮತ್ತು ಒಂದು ಪೆನ್ಸಿಲ್

ಆಗಿನ ಕಾಲದಲ್ಲಿ ಅಂಗಿಯ ಕಾಲರುಗಳನ್ನು ಬಿಡಿಯಾಗಿ ಮಾರುತ್ತಿದ್ದರು. ಅವನ್ನಿಡಲು ದುಂಡನೆಯ ಡಬ್ಬಿಗಳಿದ್ದವು. ಅಂಥ ಒಂದು ಡಬ್ಬಿಗೆ ಸಾಲುಸಾಲಾಗಿ ಗುಂಡುಸೂಜಿ ಚುಚ್ಚಿ, ನಡುವೆ ಪೆನ್ಸಿಲ್ ನಿಲ್ಲಿಸಿ ಸ್ಟ್ರೋಜರ್ ತಮ್ಮ ಮೊದಲ ಮಾದರಿ ಮಾಡಿದರಂತೆ. ಪ್ರಯೋಗಾಲಯವಿಲ್ಲ, ದುಬಾರಿ ಉಪಕರಣವಿಲ್ಲ. ಕೈಗೆ ಸಿಕ್ಕಿದ ವಸ್ತುಗಳೇ ಸಾಧನ.

ಅವರ ಉಪಾಯ ಹೀಗಿದೆ. ಒಂದು ಉರುಳೆಯಾಕಾರದ ಪೆಟ್ಟಿಗೆಯ ಒಳಗೋಡೆಯಲ್ಲಿ ಹತ್ತು ಸಾಲು, ಸಾಲಿಗೆ ಹತ್ತರಂತೆ ನೂರು ಲೋಹದ ಬಿಂದುಗಳಿವೆ ಎಂದುಕೊಳ್ಳಿ. ಒಂದೊಂದು ಬಿಂದುವಿಗೂ ಒಂದೊಂದು ಮನೆಯ ತಂತಿ ಸೇರಿದೆ. ನಡುವೆ ಒಂದು ಸರಳು. ಸರಳಿನಿಂದ ಹೊರಟ ಪುಟ್ಟ ತೋಳು. ಈ ಸರಳು ಎರಡು ರೀತಿ ಚಲಿಸಬಲ್ಲದು: ಮೇಲಕ್ಕೆ ಏರಬಲ್ಲದು, ಸುತ್ತ ತಿರುಗಬಲ್ಲದು.

ನಿಮಗೆ 47ನೇ ನಂಬರಿನ ಮನೆ ಬೇಕು. ಸರಳು ನಾಲ್ಕು ಹೆಜ್ಜೆ ಮೇಲಕ್ಕೆ ಏರುತ್ತದೆ. ಈಗ ತೋಳು ನಾಲ್ಕನೇ ಸಾಲಿನಲ್ಲಿದೆ. ಆಮೇಲೆ ಏಳು ಹೆಜ್ಜೆ ತಿರುಗುತ್ತದೆ. ತೋಳಿನ ತುದಿ 47ನೇ ಬಿಂದುವನ್ನು ಮುಟ್ಟಿತು. ವಿದ್ಯುತ್ ದಾರಿ ಪೂರ್ತಿಯಾಯಿತು. ಫೋನ್ ರಿಂಗಾಯಿತು! ಮೇಲಕ್ಕೆ ಎಷ್ಟು ಎಂದರೆ ಹತ್ತರ ಸ್ಥಾನ, ಸುತ್ತ ಎಷ್ಟು ಎಂದರೆ ಬಿಡಿ ಸ್ಥಾನ. ನೀವು ಮೂರನೇ ತರಗತಿಯಲ್ಲಿ ಕಲಿತ ಸ್ಥಾನಬೆಲೆಯೇ ಇಲ್ಲಿ ಯಂತ್ರವಾಗಿದೆ.

ಸರಳನ್ನು ಏರಿಸುವುದು ಯಾರು? ವಿದ್ಯುತ್ಕಾಂತ. ಕಬ್ಬಿಣದ ಮೊಳೆಗೆ ತಂತಿ ಸುತ್ತಿ ಸೆಲ್ ಜೋಡಿಸಿದರೆ ಮೊಳೆ ಅಯಸ್ಕಾಂತವಾಗುವುದನ್ನು ನೀವು ಮಾಡಿ ನೋಡಿದ್ದೀರಿ. ವಿದ್ಯುತ್ ಹರಿದಾಗ ಅದು ಕಬ್ಬಿಣದ ಪಟ್ಟಿಯನ್ನು ಎಳೆಯುತ್ತದೆ, ನಿಂತಾಗ ಬಿಡುತ್ತದೆ. ಹೀಗೆ ಎಳೆದಾಗಲೆಲ್ಲ ಸರಳು ಒಂದು ಹಲ್ಲಿನಷ್ಟು ಮುಂದೆ ಸರಿಯುತ್ತದೆ. ಹಿಂದೆ ಜಾರದಂತೆ ಒಂದು ಕೊಂಡಿ ತಡೆಯುತ್ತದೆ. ಸೈಕಲ್ಲಿನ ಹಿಂಚಕ್ರ ಕಟಕಟ ಎನ್ನುವುದೂ ಇಂಥದೇ ಹಲ್ಲು ಮತ್ತು ಕೊಂಡಿಯಿಂದ. ನಾಲ್ಕು ಸಲ ವಿದ್ಯುತ್ ಮಿಡಿದರೆ ನಾಲ್ಕು ಹೆಜ್ಜೆ. ಹೆಚ್ಚಿಲ್ಲ, ಕಡಿಮೆಯಿಲ್ಲ.

ಇನ್ನು ಮುಖ್ಯವಾದ ಮಾತಿಗೆ ಬರೋಣ. ನಾಲ್ಕು ಮಿಡಿತಗಳು ಬಂದು ಹೋದವು. ಅವು ಈಗ ಎಲ್ಲಿಯೂ ಇಲ್ಲ. ಆದರೆ ಸರಳು ನಾಲ್ಕನೇ ಮೆಟ್ಟಿಲಲ್ಲಿ ನಿಂತೇ ಇದೆ. ಅಂದರೆ 4 ಎಂಬ ಅಂಕಿ ಯಂತ್ರದಲ್ಲಿ ಉಳಿದಿದೆ! ಮಾತು ಮುಗಿದು ಫೋನ್ ಇಡುವವರೆಗೂ ಅದು ಅಲ್ಲೇ ಇರುತ್ತದೆ. ಇಟ್ಟ ಕೂಡಲೇ ಸರಳು ಮೊದಲಿನ ಜಾಗಕ್ಕೆ ಮರಳುತ್ತದೆ, ನೆನಪು ಅಳಿಸಿಹೋಗುತ್ತದೆ. ಹಾಲು ಹಾಕುವವರು ಗೋಡೆಯ ಮೇಲೆ ಗೀಟು ಎಳೆದು ಲೆಕ್ಕ ಇಡುವುದಿಲ್ಲವೇ, ಹಾಗೆ. ಗೋಡೆಗೆ ಗೀಟು ನೆನಪು, ಯಂತ್ರಕ್ಕೆ ಸರಳು ನಿಂತ ಜಾಗವೇ ನೆನಪು.

ಪೇಟೆಂಟ್ ಸಿಕ್ಕಿತು, ಎಕ್ಸ್‌ಚೇಂಜ್ ಶುರುವಾಯಿತು

1889ರ ಮಾರ್ಚ್‌ನಲ್ಲಿ ಸ್ಟ್ರೋಜರ್ ಪೇಟೆಂಟಿಗೆ ಅರ್ಜಿ ಹಾಕಿದರು. ಆಗ ಅವರಿಗೆ ಐವತ್ತು ವರ್ಷ. ಎರಡು ವರ್ಷದ ನಂತರ, 1891ರ ಮಾರ್ಚ್ 10ರಂದು, 4,47,918ನೇ ಸಂಖ್ಯೆಯ ಪೇಟೆಂಟ್ ಅವರಿಗೆ ಸಿಕ್ಕಿತು.

ಆಪರೇಟರ್ ಇಲ್ಲದ ಎಕ್ಸ್‌ಚೇಂಜಿನ ಕನಸು ಕಂಡವರಲ್ಲಿ ಸ್ಟ್ರೋಜರ್ ಮೊದಲಿಗರಲ್ಲ. 1879ರಲ್ಲಿಯೇ ಕಾನಲಿ ಸೋದರರು ಮತ್ತು ಮೆಕ್‌ಟೈ ಎಂಬುವರು ಇಂಥ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಅದು ಬಳಕೆಗೆ ಬರಲಿಲ್ಲ. ಬಳಕೆಗೆ ಬಂದು ಬೆಳೆದು ನಿಂತದ್ದು ಸ್ಟ್ರೋಜರ್ ಅವರ ಉಪಾಯ.

ಉಪಾಯವೊಂದೇ ಇದ್ದರೆ ಸಾಲದು, ಅದನ್ನು ಮಾಡಿ ತೋರಿಸುವ ಕೈಗಳೂ ಬೇಕು. ಸ್ಟ್ರೋಜರ್ ಅವರ ಅಣ್ಣತಮ್ಮಂದಿರ ಮಗ ವಾಲ್ಟರ್ ನೆರವಾದರು. ಜೋಸೆಫ್ ಹ್ಯಾರಿಸ್ ಎಂಬ ವ್ಯಾಪಾರಿ ಹಣ ಹೊಂದಿಸಲು ಮುಂದಾದರು. 1891ರಲ್ಲಿ ಷಿಕಾಗೋದಲ್ಲಿ ಸ್ಟ್ರೋಜರ್ ಹೆಸರಿನ ಕಂಪನಿ ಹುಟ್ಟಿತು.

1892ರ ನವೆಂಬರ್ 3. ಇಂಡಿಯಾನಾ ರಾಜ್ಯದ ಲಾಪೋರ್ಟ್ ಎಂಬ ಸಣ್ಣ ಪಟ್ಟಣದಲ್ಲಿ ಜನ ಸೇರಿದ್ದರು. ಸಾರ್ವಜನಿಕರ ಬಳಕೆಗೆ ಸ್ಟ್ರೋಜರ್ ಪದ್ಧತಿಯ ಸ್ವಯಂಚಾಲಿತ ಎಕ್ಸ್‌ಚೇಂಜ್ ಮೊದಲ ಸಲ ಕೆಲಸ ಮಾಡಿದ್ದು ಅಲ್ಲಿ, ಅಂದು. ಸುಮಾರು 75 ಮಂದಿ ಚಂದಾದಾರರಿದ್ದರು.

ಆದರೆ ಆ ಫೋನಿನಲ್ಲಿ ತಿರುಗಿಸುವ ಚಕ್ರ ಇರಲಿಲ್ಲ! ಒತ್ತುವ ಕೀಲಿಗಳಿದ್ದವು. 47 ಬೇಕಿದ್ದರೆ ಹತ್ತರ ಕೀಲಿಯನ್ನು ನಾಲ್ಕು ಸಲ ಒತ್ತಬೇಕು, ಬಿಡಿಯ ಕೀಲಿಯನ್ನು ಏಳು ಸಲ ಒತ್ತಬೇಕು. ಎಣಿಸುವಾಗ ಮನಸ್ಸು ಬೇರೆಡೆ ಹೋದರೆ ಕರೆ ಬೇರೆಯವರ ಮನೆಗೆ! ಮೇಲಾಗಿ ಪ್ರತಿ ಮನೆಗೂ ಹೆಚ್ಚಿನ ತಂತಿಗಳನ್ನು ಎಳೆಯಬೇಕಾಗಿತ್ತು.

ಈ ತೊಂದರೆ ನೀಗಿಸಿದ್ದು ಅದೇ ಕಂಪನಿಯಲ್ಲಿದ್ದ ಕೀತ್ ಮತ್ತು ಎರಿಕ್ಸನ್ ಸೋದರರು. 1896ರಲ್ಲಿ ಅವರು ತಿರುಗುವ ಡಯಲ್ ರೂಪಿಸಿದರು. ಮುಂದೆ ಅದು ಬೆರಳಿಡುವ ಹತ್ತು ರಂಧ್ರಗಳ ಚಕ್ರವಾಗಿ ಬೆಳೆಯಿತು. ನಿಮ್ಮ ಅಜ್ಜ ಅಜ್ಜಿಯರು ಅದನ್ನು ನೋಡಿರಬಹುದು. 7ರ ರಂಧ್ರದಲ್ಲಿ ಬೆರಳಿಟ್ಟು ಕೊನೆಯವರೆಗೆ ತಿರುಗಿಸಿ ಬಿಟ್ಟರೆ, ಚಕ್ರ ಸ್ಪ್ರಿಂಗಿನ ಬಲದಿಂದ ಕಿರ್ರನೆ ಹಿಂದೆ ಬರುತ್ತದೆ. ಬರುವಾಗ ವಿದ್ಯುತ್ ಹರಿವನ್ನು ಏಳು ಸಲ ಕತ್ತರಿಸುತ್ತದೆ. ಸೆಕೆಂಡಿಗೆ ಸುಮಾರು ಹತ್ತು ಮಿಡಿತಗಳು. ಸೊನ್ನೆಗೆ ಮಾತ್ರ ಹತ್ತು ಮಿಡಿತ. ಏಕೆಂದರೆ ಸೊನ್ನೆ ಸಲ ಮಿಡಿದರೆ ಯಂತ್ರಕ್ಕೆ ಏನೂ ತಿಳಿಯುವುದಿಲ್ಲವಲ್ಲ! ಎಣಿಸುವ ಕೆಲಸ ಮನುಷ್ಯನಿಂದ ಡಯಲ್‌ಗೆ ಹೋಯಿತು.

ಕೊನೆಯ ದಿನಗಳು

1896ರಲ್ಲಿ ಸ್ಟ್ರೋಜರ್ ತಮ್ಮ ಪೇಟೆಂಟುಗಳನ್ನು 1,800 ಡಾಲರಿಗೆ ಮಾರಿದರು. 1898ರಲ್ಲಿ ಕಂಪನಿಯಲ್ಲಿದ್ದ ತಮ್ಮ ಪಾಲನ್ನು 10,000 ಡಾಲರಿಗೆ ಬಿಟ್ಟುಕೊಟ್ಟರು. ಆರೋಗ್ಯ ಚೆನ್ನಾಗಿರಲಿಲ್ಲ. ಅಮೆರಿಕದ ದಕ್ಷಿಣ ತುದಿಯ ಫ್ಲೋರಿಡಾದಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ಎಂಬ ಊರಿನಲ್ಲಿ ನೆಲೆಸಿದರು. 1902ರ ಮೇ 26ರಂದು, 63ನೇ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು.

ಅವರ ಪದ್ಧತಿ ಜಗತ್ತನ್ನೆಲ್ಲ ಹಬ್ಬಿದ್ದು ಆಮೇಲೆ. ಸ್ವಯಂಚಾಲಿತ ಎಕ್ಸ್‌ಚೇಂಜಿನ ಬಗ್ಗೆ ಬಹಳ ವರ್ಷ ಆಸಕ್ತಿ ತೋರದ ಬೆಲ್ ಕಂಪನಿಯೂ 1919ರಲ್ಲಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಸ್ಟ್ರೋಜರ್ ಪದ್ಧತಿಯ ದೊಡ್ಡ ಎಕ್ಸ್‌ಚೇಂಜ್ ತೆರೆಯಿತು. ಬ್ರಿಟನ್ನಿನಲ್ಲಿ 1912ರಲ್ಲಿ ಬಂದ ಈ ಯಂತ್ರಗಳು 1995ರವರೆಗೂ ಬಳಕೆಯಲ್ಲಿದ್ದವು. ಅದರಿಂದ ಬಂದ ದೊಡ್ಡ ಲಾಭ ಯಾವುದನ್ನೂ ಸ್ಟ್ರೋಜರ್ ಕಾಣಲಿಲ್ಲ.

ಇನ್ನೊಂದು ಮುಖವನ್ನೂ ನೋಡಬೇಕು. ಯಂತ್ರ ಬಂದ ಊರುಗಳಲ್ಲಿ ಆಪರೇಟರುಗಳ ಕೆಲಸ ಹೋಯಿತು. ಮನೆಯ ಹೊರಗೆ ದುಡಿಯಲು ಹೆಣ್ಣುಮಕ್ಕಳಿಗೆ ಹೆಚ್ಚು ದಾರಿಗಳಿಲ್ಲದಿದ್ದ ಕಾಲವದು. ಯಂತ್ರ ಯಾರಿಗೂ ಪಕ್ಷಪಾತ ಮಾಡಲಿಲ್ಲ, ನಿಜ. ಆದರೆ ರಾತ್ರಿ ಹೊತ್ತು ಬೆಂಕಿ ಬಿದ್ದಾಗ ಊರನ್ನೆಲ್ಲ ಎಬ್ಬಿಸುತ್ತಿದ್ದ, ಡಾಕ್ಟರು ಎಲ್ಲಿದ್ದಾರೆಂದು ಹುಡುಕಿ ಕೊಡುತ್ತಿದ್ದ ಆಪರೇಟರ್ ಕೂಡ ಅದರೊಂದಿಗೆ ಮರೆಯಾದರು. ಹೊಸ ಯಂತ್ರ ಬಂದಾಗಲೆಲ್ಲ ಏನು ಸಿಕ್ಕಿತು, ಏನು ಹೋಯಿತು ಎಂದು ಎರಡನ್ನೂ ಕೇಳುವುದು ಒಳ್ಳೆಯದು.

ದೂರದ ಊರಿಗೆ ದಾರಿ ಯಾವುದು?

ಊರೊಳಗಿನ ಕರೆಗೆ ಸ್ಟ್ರೋಜರ್ ಯಂತ್ರ ಚೆನ್ನಾಗಿತ್ತು. ದೂರದ ಊರಿನ ಕರೆಗೆ ಮಾತ್ರ ಬಹಳ ಕಾಲ ಆಪರೇಟರೇ ಬೇಕಾಗಿತ್ತು. ಇದನ್ನು ಟ್ರಂಕ್ ಕಾಲ್ ಎನ್ನುತ್ತಿದ್ದರು. ನಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಅಂಚೆ ಕಚೇರಿಗೆ ಹೋಗಿ ಇಂಥ ಕರೆಗಾಗಿ ಕಾದದ್ದು ನೆನಪಿದೆ. ಮೊದಲು ನಂಬರು ಬರೆಸಬೇಕು. ಆಮೇಲೆ ಬೆಂಚಿನ ಮೇಲೆ ಕುಳಿತು ಕಾಯಬೇಕು. ಒಮ್ಮೆ ಬೆಳಿಗ್ಗೆ ಬರೆಸಿದ ಕರೆ ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಸಿಕ್ಕಿತ್ತು.

ದೂರದ ಕರೆಗೆ ಯಂತ್ರ ಏಕೆ ಕಷ್ಟಪಟ್ಟಿತು? ಒಂದು ಉದಾಹರಣೆ ನೋಡಿ. ಒಬ್ಬ ಹುಡುಗನ ಕೈಗೆ ದಾರಿಯ ಚೀಟಿ ಕೊಟ್ಟಿದ್ದೇವೆ. ಪ್ರತಿ ತಿರುವಿನಲ್ಲೂ ಅವನು ಒಂದು ಅಂಕಿ ಓದಿ, ಆ ತುಂಡನ್ನು ಹರಿದು ಬಿಸಾಡಿ ಮುಂದೆ ಹೋಗುತ್ತಾನೆ. ಮುಂದಿನ ಸೇತುವೆ ಮುರಿದಿದೆ ಎಂದುಕೊಳ್ಳಿ. ಹಿಂದೆ ಬಂದು ಬೇರೆ ದಾರಿ ಹಿಡಿಯೋಣವೆಂದರೆ ಚೀಟಿಯೇ ಇಲ್ಲ! ಸ್ಟ್ರೋಜರ್ ಯಂತ್ರವೂ ಹಾಗೆಯೇ. ಅಂಕಿ ಬಂದ ಕೂಡಲೇ ಹೆಜ್ಜೆ ಹಾಕಿಬಿಡುತ್ತದೆ. ಇಡೀ ನಂಬರನ್ನು ಒಟ್ಟಿಗೆ ಹಿಡಿದಿಟ್ಟುಕೊಂಡು ಯೋಚಿಸುವುದಿಲ್ಲ.

ದೂರದ ಊರಿಗೆ ಹಲವು ದಾರಿಗಳಿರುತ್ತವೆ. ಒಂದು ದಾರಿಯ ತಂತಿಗಳೆಲ್ಲ ತುಂಬಿದ್ದರೆ ಇನ್ನೊಂದನ್ನು ನೋಡಬೇಕು. ಅದಕ್ಕೆ ಎರಡು ಬಗೆಯ ನೆನಪು ಬೇಕು. ಒಂದು, ಕರೆ ಮಾಡಿದವರು ತಿರುಗಿಸಿದ ಎಲ್ಲ ಅಂಕಿಗಳ ನೆನಪು. ಎರಡು, ಯಾವ ಊರಿಗೆ ಯಾವ ಯಾವ ದಾರಿ ಇದೆ ಎಂಬುದರ ನೆನಪು.

1947ರಲ್ಲಿ ಅಮೆರಿಕ ಮತ್ತು ಕೆನಡಾ ದೇಶಗಳನ್ನು 86 ವಲಯಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಮೂರಂಕಿಯ ಕೋಡ್ ಕೊಟ್ಟರು. 1951ರ ನವೆಂಬರ್ 10ರಂದು ನ್ಯೂಜೆರ್ಸಿಯ ಎಂಗಲ್‌ವುಡ್ ಪಟ್ಟಣದ ಮೇಯರ್ ತಾವೇ ನಂಬರು ತಿರುಗಿಸಿ, 4,000 ಕಿಲೋಮೀಟರಿಗೂ ಹೆಚ್ಚು ದೂರದ ಕ್ಯಾಲಿಫೋರ್ನಿಯಾದ ಅಲಮೀಡಾ ಪಟ್ಟಣದ ಮೇಯರ್ ಜೊತೆ ಮಾತಾಡಿದರು. ಕರೆ ಸೇರಲು ಹಿಡಿದದ್ದು ಸುಮಾರು 18 ಸೆಕೆಂಡು!

ಲೋಹದ ಕಾರ್ಡುಗಳ ಗ್ರಂಥಾಲಯ

ಅದೇ ಹೊತ್ತಿಗೆ ಬೆಲ್ ಪ್ರಯೋಗಾಲಯದ ಎಂಜಿನಿಯರುಗಳು ದಾರಿಗಳ ನೆನಪಿಗಾಗಿ ಒಂದು ವಿಚಿತ್ರ ಯಂತ್ರ ಮಾಡಿದ್ದರು. ಅದನ್ನು ಕಾರ್ಡ್ ಅನುವಾದಕ ಎನ್ನಬಹುದು. 1950ರ ದಶಕದಲ್ಲಿ ದೊಡ್ಡ ಟ್ರಂಕ್ ಎಕ್ಸ್‌ಚೇಂಜುಗಳಲ್ಲಿ ಅದು ಕೆಲಸಕ್ಕೆ ಬಂತು.

ಒಂದು ಉದ್ದನೆಯ ಪೆಟ್ಟಿಗೆ. ಅದರಲ್ಲಿ ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ ನಿಲ್ಲಿಸಿದ ಸುಮಾರು ಸಾವಿರ ಲೋಹದ ಕಾರ್ಡುಗಳು. ಪ್ರತಿ ಕಾರ್ಡಿನಲ್ಲೂ ನೂರಕ್ಕೂ ಹೆಚ್ಚು ರಂಧ್ರಗಳು. ಎಲ್ಲ ಕಾರ್ಡುಗಳ ರಂಧ್ರಗಳೂ ಒಂದರ ಹಿಂದೊಂದು ನೇರವಾಗಿವೆ. ಆದ್ದರಿಂದ ಒಂದು ತುದಿಯಲ್ಲಿ ದೀಪ ಹಚ್ಚಿದರೆ ಬೆಳಕು ರಂಧ್ರಗಳ ಸುರಂಗದಲ್ಲಿ ಹಾದು ಇನ್ನೊಂದು ತುದಿ ತಲುಪುತ್ತದೆ.

ಬೇಕಾದ ಊರಿನ ಕೋಡ್ ಬಂದಾಗ, ಆ ಕೋಡಿಗೆ ಸೇರಿದ ಒಂದು ಕಾರ್ಡ್ ಮಾತ್ರ ಸ್ವಲ್ಪ ಕೆಳಗೆ ಜಾರುತ್ತದೆ. ಅದು ಜಾರಿದ ಕೂಡಲೇ ಸುರಂಗಗಳು ಮುಚ್ಚಿಹೋಗುತ್ತವೆ. ಆದರೆ ಆ ಕಾರ್ಡಿನ ಕೆಲವು ರಂಧ್ರಗಳನ್ನು ಮೊದಲೇ ದೊಡ್ಡದಾಗಿ ಕತ್ತರಿಸಿರುತ್ತಾರೆ. ಅಲ್ಲಿ ಮಾತ್ರ ಬೆಳಕು ಹಾದುಹೋಗುತ್ತದೆ. ಎಲ್ಲೆಲ್ಲಿ ಬೆಳಕು ಬಂತು, ಎಲ್ಲೆಲ್ಲಿ ಬರಲಿಲ್ಲ ಎಂಬುದೇ ಸುದ್ದಿ: ಈ ಊರಿಗೆ ಇಂಥ ದಾರಿ, ಅದು ತುಂಬಿದ್ದರೆ ಇಂಥ ಇನ್ನೊಂದು ದಾರಿ.

ಬೆಳಕನ್ನು ಓದಲು ಇಟ್ಟದ್ದು ಫೋಟೊಟ್ರಾನ್ಸಿಸ್ಟರ್ ಎಂಬ ಪುಟ್ಟ ಸಾಧನ. ಬೆಳಕು ಬಿದ್ದರೆ ಅದರಲ್ಲಿ ವಿದ್ಯುತ್ ಹೆಚ್ಚು ಹರಿಯುತ್ತದೆ. ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ, ಅದೇ ಬೆಲ್ ಪ್ರಯೋಗಾಲಯದಲ್ಲಿ. ಅದರ ಮೊದಲ ಉಪಯೋಗಗಳಲ್ಲಿ ಇದೂ ಒಂದು. ಹೊಸ ದಾರಿ ತೆರೆದರೆ ಯಂತ್ರ ಬಿಚ್ಚಬೇಕಿಲ್ಲ. ಹಳೆಯ ಕಾರ್ಡ್ ತೆಗೆದು ಹೊಸದನ್ನು ಇಟ್ಟರೆ ಆಯಿತು.

ರೇಷ್ಮೆ ಸೀರೆ ನೇಯುವ ಮಗ್ಗದ ಮೇಲೆ ರಂಧ್ರಗಳ ಕಾರ್ಡುಗಳ ಮಾಲೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿ ರಂಧ್ರಗಳು ಸೀರೆಯ ಅಂಚಿನ ಹೂವನ್ನು ನೆನಪಿಟ್ಟಿರುತ್ತವೆ. ಇಲ್ಲಿ ಊರಿನ ದಾರಿಯನ್ನು ನೆನಪಿಟ್ಟಿದ್ದವು.

ನಮ್ಮ ನಾಡಿನ ನಂಟು

ನಮ್ಮ ದೇಶದಲ್ಲಿ ಆಪರೇಟರ್ ಇಲ್ಲದೆ ದೂರದ ಊರಿಗೆ ಡಯಲ್ ಮಾಡುವ ಎಸ್‌ಟಿಡಿ ಸೌಲಭ್ಯ ಮೊದಲು ಬಂದದ್ದು 1960ರಲ್ಲಿ, ಕಾನ್ಪುರ ಮತ್ತು ಲಕ್ನೋ ನಡುವೆ. ಆಮೇಲೆ ಒಂದೊಂದು ಊರಿಗೂ ಒಂದೊಂದು ಕೋಡ್ ಬಂತು. ಬೆಂಗಳೂರಿಗೆ 080, ಮೈಸೂರಿಗೆ 0821, ಮಂಗಳೂರಿಗೆ 0824, ಹುಬ್ಬಳ್ಳಿ-ಧಾರವಾಡಕ್ಕೆ 0836. ಮೊದಲ ಸೊನ್ನೆ ಎಕ್ಸ್‌ಚೇಂಜಿಗೆ ಒಂದು ಸೂಚನೆ: ಈ ಕರೆ ಊರ ಹೊರಗಿನದು.

ಸ್ಟ್ರೋಜರ್ ಅವರಿಗೂ ನಮ್ಮ ಬೆಂಗಳೂರಿಗೂ ನೇರ ನಂಟಿದೆ. 1948ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ ಕಾರ್ಖಾನೆ ಸ್ಥಾಪನೆಯಾಯಿತು. ಕಾರ್ಖಾನೆ ಇರುವ ಬಡಾವಣೆಗೆ ದೂರವಾಣಿ ನಗರ ಎಂದೇ ಹೆಸರು. ಅಲ್ಲಿನ ಕಾರ್ಮಿಕರು ಸ್ಟ್ರೋಜರ್ ಯಂತ್ರಗಳನ್ನು ತಯಾರಿಸಿದರು. ಅವು ದೇಶದ ಊರೂರಿಗೆ ಹೋದವು. ಎಕ್ಸ್‌ಚೇಂಜ್ ಕಟ್ಟಡದೊಳಗೆ ಹೊಕ್ಕರೆ ಸಾವಿರಾರು ಸರಳುಗಳು ಏರಿ ಇಳಿಯುವ ಸದ್ದು ಮಳೆ ಸುರಿದಂತೆ ಕೇಳುತ್ತಿತ್ತು. ಮುಂದೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಬಂದವು, ಆ ಸದ್ದು ನಿಂತಿತು.

ಇಂದು ನಿಮ್ಮ ಮೊಬೈಲ್ ಕರೆಗೆ ದಾರಿ ಹುಡುಕುವುದು ಕಂಪ್ಯೂಟರುಗಳು. ಸರಳಿಲ್ಲ, ಲೋಹದ ಕಾರ್ಡಿಲ್ಲ. ಆದರೆ ಕೆಲಸ ಅದೇ: ಅಂಕಿಗಳನ್ನು ಹಿಡಿದಿಡುವುದು, ದಾರಿಯನ್ನು ನೆನೆಯುವುದು, ಇಬ್ಬರನ್ನು ಸೇರಿಸುವುದು. ಒಂದು ಡಬ್ಬಿ, ಕೆಲವು ಗುಂಡುಸೂಜಿ ಹಿಡಿದು ಕುಳಿತ ಐವತ್ತರ ಹಿರಿಯರೊಬ್ಬರು ಅದರ ಮೊದಲ ಮೆಟ್ಟಿಲು ಕಟ್ಟಿದರು. ನಿಮಗೂ ಏನಾದರೂ ಸರಿಯಿಲ್ಲ ಎಂದು ಅನಿಸಿದರೆ ದೂರುವುದರ ಜೊತೆಗೆ ಒಂದು ಮಾದರಿಯನ್ನೂ ಮಾಡಿ ನೋಡಿ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದು ರಟ್ಟು, ಸ್ಕೇಲು, ಪೆನ್ಸಿಲ್, ಒಂದು ಗುಂಡಿ ಅಥವಾ ಹುಣಸೆಬೀಜ.

ರಟ್ಟಿನ ಮೇಲೆ ಹತ್ತು ಅಡ್ಡಸಾಲು, ಹತ್ತು ಕಂಬಸಾಲಿನ ಚೌಕಗಳನ್ನು ಬರೆಯಿರಿ. ಸಾಲುಗಳಿಗೆ ಕೆಳಗಿನಿಂದ ಮೇಲಕ್ಕೆ, ಕಂಬಗಳಿಗೆ ಎಡದಿಂದ ಬಲಕ್ಕೆ 1ರಿಂದ 9 ಮತ್ತು ಕೊನೆಯಲ್ಲಿ 0 ಎಂದು ಗುರುತು ಹಾಕಿ. ನಿಮ್ಮ ತರಗತಿಯ ಒಬ್ಬೊಬ್ಬರಿಗೂ ಒಂದೊಂದು ಚೌಕ ಕೊಡಿ. ಗುಂಡಿಯನ್ನು ಚೌಕಗಳ ಹೊರಗೆ, ಎಡಗಡೆಯ ಕೆಳಮೂಲೆಯಲ್ಲಿ ಇಡಿ. ಈಗ ಒಬ್ಬರು ಕಣ್ಣು ಮುಚ್ಚಿ ಕುಳಿತು ಗುಂಡಿ ನಡೆಸಲಿ. ಇನ್ನೊಬ್ಬರು ಮಾತಾಡದೆ ಚಪ್ಪಾಳೆಯಲ್ಲಿ ಮಾತ್ರ ನಂಬರು ಹೇಳಲಿ. ಮೊದಲ ಸುತ್ತಿನ ಚಪ್ಪಾಳೆಗೆ ಗುಂಡಿ ಮೇಲಕ್ಕೆ, ಸ್ವಲ್ಪ ಬಿಡುವು ಕೊಟ್ಟು ಎರಡನೇ ಸುತ್ತಿನ ಚಪ್ಪಾಳೆಗೆ ಬಲಕ್ಕೆ. ಸೊನ್ನೆಗೆ ಹತ್ತು ಚಪ್ಪಾಳೆ. ಗುಂಡಿ ಸರಿಯಾದ ಗೆಳೆಯರ ಚೌಕ ಸೇರಿತೇ?

ಯೋಚಿಸಿ

1. ಎರಡು ಸುತ್ತಿನ ಚಪ್ಪಾಳೆಗಳ ನಡುವೆ ಬಿಡುವು ಇಲ್ಲದಿದ್ದರೆ ಏನಾಗುತ್ತದೆ?

2. 11 ಮತ್ತು 00 ಇವುಗಳಲ್ಲಿ ಯಾವ ನಂಬರನ್ನು ಬೇಗ ತಿರುಗಿಸಬಹುದು? ಎಷ್ಟು ಮಿಡಿತಗಳ ವ್ಯತ್ಯಾಸ?

3. ಮೂರಂಕಿಯ ನಂಬರು ಬೇಕೆಂದರೆ ಎಷ್ಟು ರಟ್ಟುಗಳು ಬೇಕು? ಅವುಗಳಲ್ಲಿ ಸರಿಯಾದ ರಟ್ಟನ್ನು ಆರಿಸುವುದು ಹೇಗೆ?

4. ನಿಮ್ಮ ಮನೆಯ ಹಿರಿಯರನ್ನು ಕೇಳಿ: ಅವರು ಮೊದಲ ಸಲ ಫೋನಿನಲ್ಲಿ ಮಾತಾಡಿದ್ದು ಯಾವಾಗ, ಯಾರ ಜೊತೆ, ಎಷ್ಟು ಹೊತ್ತು ಕಾದ ಮೇಲೆ? ಅವರು ಹೇಳಿದ್ದನ್ನು ಬರೆದು ತರಗತಿಯಲ್ಲಿ ಓದಿ.